ಕಿವಿ ಕೊಟ್ಟವರು

ಮೇಲ್ಮನೆಗೆ ಬಾಡಿಗೆಗೆ ಬಂದ ಹುಡುಗ ಅಡ್ವಾನ್ಸಿನ ನೋಟು ಎಣಿಸಿಕೊಡುತ್ತ ತನ್ನ ಪರಿಚಯ ಹೇಳಿಕೊಂಡ. "ಹಗಲು ಪೀಣ್ಯದಲ್ಲಿ ಸಿಎನ್‌ಸಿ ಆಪರೇಟರು ಅಂಕಲ್. ರಾತ್ರಿ ಮ್ಯೂಸಿಕ್ ಪ್ರೊಡ್ಯೂಸರು."

ನಾನು ಅವನನ್ನು ಇನ್ನೊಮ್ಮೆ ನೋಡಿದೆ. ಹವಾಯಿ ಚಪ್ಪಲಿ, ಬಣ್ಣ ಹೋದ ಟೀ ಶರ್ಟು, ಬೆನ್ನಿಗೊಂದು ಚೀಲ. ಗೊರಗುಂಟೆಪಾಳ್ಯದ ನಮ್ಮ ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲೇ ಕಂಠೀರವ ಸ್ಟುಡಿಯೋ ಇದೆ. ನಲವತ್ತು ವರ್ಷ ಅದರ ಗೇಟಿನ ಮುಂದೆ ಓಡಾಡಿದ ನನಗೆ ಪ್ರೊಡ್ಯೂಸರ್ ಎಂದರೆ ಹೇಗಿರಬೇಕು ಎಂಬ ಕಲ್ಪನೆ ಗಟ್ಟಿಯಾಗಿತ್ತು: ಬಿಳಿ ಪ್ಯಾಂಟು, ಬಿಳಿ ಬೂಟು, ಕಾರಿನ ಕಿಟಕಿಯಿಂದ ಹೊರಗೆ ಇಳಿಬಿಟ್ಟ ಕೈಗೆ ಬೆರಳಿಗೊಂದರಂತೆ ಉಂಗುರ. "ಅಷ್ಟು ದುಡ್ಡಿದ್ದೋನು ನಮ್ಮ ಶೀಟಿನ ಮನೆಗೆ ಯಾಕಪ್ಪ ಬಂದೆ?" ಎಂದೆ.

ಹುಡುಗ ನಕ್ಕ. "ದುಡ್ಡು ಹಾಕೋ ಪ್ರೊಡ್ಯೂಸರ್ ಅಲ್ಲ ಅಂಕಲ್, ಹಾಡು ಕಟ್ಟೋ ಪ್ರೊಡ್ಯೂಸರ್. ರಾಗ ಹಾಕೋದು, ಯಾವ ವಾದ್ಯ ಎಲ್ಲಿ ಬರಬೇಕು ಅಂತ ನೋಡೋದು, ಹಾಡೋರ ಹತ್ತಿರ ಹಾಡಿಸೋದು, ಕೊನೇಗೆ ಎಲ್ಲ ಸೇರಿಸಿ ಒಂದು ಹದಕ್ಕೆ ತರೋದು."

ಒಳಗಿನಿಂದ ನನ್ನ ಹೆಂಡತಿಯ ದನಿ ಬಂತು. "ಹಾಡು ಕಟ್ಟೋನಾದರೂ ಆಗಲಿ, ಗೋಡೆ ಕಟ್ಟೋನಾದರೂ ಆಗಲಿ, ರಾತ್ರಿ ಹತ್ತರ ಮೇಲೆ ಸದ್ದು ಬರಬಾರದು."

ಸದ್ದು ಬರಲಿಲ್ಲ. ಹುಡುಗ ಹೆಡ್‌ಫೋನು ಹಾಕಿಕೊಳ್ಳುತ್ತಾನೆ. ಆದರೆ ಕೂತಲ್ಲೇ ಹಿಮ್ಮಡಿಯಲ್ಲಿ ನೆಲ ತಟ್ಟುವ ಅಭ್ಯಾಸ ಅವನದು. ಅವನ ನೆಲ ನಮ್ಮ ಸೂರು. ಹೀಗಾಗಿ ಹಾಡು ಅವನ ಕಿವಿಗೆ, ತಾಳ ನಮ್ಮ ತಲೆಗೆ.

ಅವನನ್ನು ಗದರಿಸಲು ನನಗೆ ಬಾಯಿ ಬರಲಿಲ್ಲ. ಒಂದು ಕಾರಣ, ಗೊರಗುಂಟೆಪಾಳ್ಯದಲ್ಲಿ ಕೂತು ಸದ್ದಿನ ಬಗ್ಗೆ ದೂರುವವನನ್ನು ಕಂಡರೆ ಜನ ನಕ್ಕಾರು. ತುಮಕೂರು ರಸ್ತೆಯೂ ಹೊರವರ್ತುಲ ರಸ್ತೆಯೂ ಕೂಡುವ ಜಾಗ ನಮ್ಮದು. ಕೆಳಗೆ ಸಿಗ್ನಲ್ಲು, ಮೇಲೆ ಮೇಲುಸೇತುವೆ, ಪಕ್ಕದಲ್ಲಿ ಮೆಟ್ರೋ. ಬೆಳಗಿನ ಜಾವ ಯಶವಂತಪುರದ ಯಾರ್ಡಿಗೆ ಈರುಳ್ಳಿ, ಆಲೂಗಡ್ಡೆ ಹೊತ್ತ ಲಾರಿಗಳು. ಎಂಟಕ್ಕೆ ಗಾರ್ಮೆಂಟ್ಸಿನ ಹೆಣ್ಣುಮಕ್ಕಳನ್ನು ತುಂಬಿಕೊಂಡ ಟೆಂಪೋಗಳು. ಸಂಜೆಗೆ "ತುಮ್ಕೂರ್ ತುಮ್ಕೂರ್ ತುಮ್ಕೂರ್" ಎಂದು ಒಂದೇ ಉಸಿರಿನಲ್ಲಿ ಮೂರು ಸಲ ಊರು ಮುಟ್ಟಿಸುವ ಖಾಸಗಿ ಬಸ್ಸಿನ ಹುಡುಗರು. 2014ರ ಮಾರ್ಚಿನಲ್ಲಿ ಇಲ್ಲಿ ಮೆಟ್ರೋ ಓಡತೊಡಗಿದ ಮೇಲೆ ಈ ಗದ್ದಲಕ್ಕೆ ಒಂದು ಒಳ್ಳೆಯ ದನಿ ಸೇರಿತು. ಹೊರಗಿನವರು "ಗೊರ್ಗುಂಟ್‌ಪಾಳ್ಯ" ಎಂದು ನುಂಗಿಬಿಡುವ ಹೆಸರನ್ನು ನಿರೂಪಕಿ ಅಪರ್ಣಾ ಮೆಟ್ರೋದ ಪ್ರಕಟಣೆಯಲ್ಲಿ ಒಂದೊಂದು ಅಕ್ಷರವನ್ನೂ ಉಳಿಸಿ ಹೇಳಿದ್ದರು. ಮೊದಲ ಸಲ ಕೇಳಿದಾಗ ನಮ್ಮೂರಿಗೂ ಇಷ್ಟು ಚೆಂದದ ಹೆಸರಿದೆಯಲ್ಲ ಅನ್ನಿಸಿತು. ಆಕೆ 2024ರ ಜುಲೈನಲ್ಲಿ ತೀರಿಕೊಂಡರು.

ಎರಡನೆಯ ಕಾರಣ, ಹಗಲು ಮೆಷಿನ್ನು ರಾತ್ರಿ ಹಾಡು ಎಂದು ಬದುಕಿದ ಇನ್ನೊಬ್ಬರು ನನಗೆ ಗೊತ್ತಿದ್ದರು. ಗೊತ್ತಿದ್ದರು ಎಂದರೆ ಕ್ಯಾಸೆಟ್ಟಿನಿಂದ ಮಾತ್ರ. ನಾನು ಅವರ ಹತ್ತಿರ ಒಂದು ಮಾತೂ ಆಡಿದವನಲ್ಲ.

ನನ್ನದು ಚನ್ನರಾಯಪಟ್ಟಣದ ಕಡೆಯ ಹಳ್ಳಿ. ಐಟಿಐನಲ್ಲಿ ಟರ್ನರ್ ಮುಗಿಸಿ ಎಂಬತ್ತರ ದಶಕದಲ್ಲಿ ಪೀಣ್ಯದ ಒಂದು ಸಣ್ಣ ವರ್ಕ್‌ಶಾಪಿಗೆ ಸೇರಿದೆ. ಗೊರಗುಂಟೆಪಾಳ್ಯದಲ್ಲಿ ಮೂವರು ಸೇರಿ ಹಿಡಿದದ್ದು ಒಂದು ಶೀಟಿನ ಕೋಣೆ. ಬೋನಸ್ಸಿನಲ್ಲಿ ಒಂದು ಟೂ-ಇನ್-ಒನ್ ಕೊಂಡೆ. ಅದಕ್ಕೆ ಇದ್ದದ್ದು ಮೂರೇ ಕ್ಯಾಸೆಟ್ಟು. ಒಂದು 'ನಿತ್ಯೋತ್ಸವ'. ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರ ಸಂಗೀತ, 1978ರದ್ದು; ಕನ್ನಡದಲ್ಲಿ ಭಾವಗೀತೆಯ ಕ್ಯಾಸೆಟ್ಟು ಎಂಬ ವ್ಯವಹಾರವೇ ಅಲ್ಲಿಂದ ಶುರು. ಎರಡನೆಯದು ರಾಜ್‌ಕುಮಾರ್ ಹಾಡಿದ ಭಕ್ತಿಗೀತೆ. ಮೂರನೆಯದನ್ನು ಅಂಗಡಿಯವನು ಚಿಲ್ಲರೆಯಿಲ್ಲದೆ ಕೊಟ್ಟದ್ದು: ಸಿ. ಅಶ್ವತ್ಥ್ ಹಾಡಿದ ಶಿಶುನಾಳ ಶರೀಫರ ಪದಗಳು.

ಹಳೆ ಮೈಸೂರಿನ ಕಡೆಯ ನಮಗೆ ಶರೀಫರು ಯಾರೆಂದು ಗೊತ್ತಿರಲಿಲ್ಲ. ಧಾರವಾಡ, ಹಾವೇರಿಯ ಕಡೆ ಭಜನೆಯವರ ಬಾಯಲ್ಲಿ ಆ ಪದಗಳು ನೂರು ವರ್ಷದಿಂದ ಇದ್ದವಂತೆ. ಅವನ್ನು ಆರಿಸಿ ಓದುಗರ ಕೈಗೆ ಕೊಟ್ಟವರಲ್ಲಿ ಎನ್.ಎಸ್. ಲಕ್ಷ್ಮೀನಾರಾಯಣ ಭಟ್ಟರು ಮುಖ್ಯರು. ನಮ್ಮಂಥವರ ಕಿವಿಗೆ ತಲುಪಿಸಿದವರು ಅಶ್ವತ್ಥ್. ಅದರಲ್ಲಿ ಸೋರುವ ಮನೆಯ ಪದ ಒಂದಿದೆಯಲ್ಲ, ಅದು ಶುರುವಾದಾಗ ಆಷಾಢದ ಮಳೆ ನಮ್ಮ ಶೀಟಿನ ತೂತಿನಿಂದ ಪಾತ್ರೆಗೆ ಬೀಳುತ್ತಿತ್ತು. ನಾವು ಮೂವರೂ ಅದು ನಮ್ಮ ಮನೆಯದೇ ಹಾಡೆಂದು ಬಿದ್ದು ಬಿದ್ದು ನಕ್ಕೆವು. ಮಾಳಿಗೆ ಎಂದರೆ ಬರೀ ಮಾಳಿಗೆಯಲ್ಲ ಎಂದು ಹೊಳೆಯಲು ಇನ್ನೂ ಹತ್ತು ವರ್ಷ, ಒಂದು ಮದುವೆ, ಒಂದು ಕೈಸಾಲ ಬೇಕಾಯಿತು.

ಸಿ. ಎಂದರೆ ಚನ್ನರಾಯಪಟ್ಟಣ ಎಂದು ತಿಳಿದ ದಿನ ನನಗೆ ಬಂದ ಗತ್ತು ಹೇಳತೀರದು. 1939ರ ಡಿಸೆಂಬರ್ 29ರಂದು ನಮ್ಮ ತಾಲ್ಲೂಕಿನ ಊರಿನಲ್ಲೇ ಹುಟ್ಟಿದವರು. "ನಮ್ಮೂರ ಕಡೆಯೋರು" ಎಂದು ವರ್ಕ್‌ಶಾಪಿನಲ್ಲಿ ಸಾರಿಕೊಂಡು ಬಂದೆ. ನಮ್ಮ ಫೋರ್‌ಮನ್ ಸ್ಕ್ರಾಪಿನ ತೊಟ್ಟಿಗೆ ಚೂರು ಎಸೆಯುತ್ತ, "ಊರು ಬಿಡು, ಅವರು ಐಟಿಐನೋರು ಕಣಯ್ಯ" ಎಂದರು. ನನಗೆ ಆಕಾಶ ಮೂರೇ ಗೇಣು. ನಾನೂ ಐಟಿಐ, ಅವರೂ ಐಟಿಐ! ಯಾವ ಟ್ರೇಡು, ಟರ್ನರೋ ಫಿಟ್ಟರೋ ಎಂದು ಕೇಳಿಯೇಬಿಟ್ಟೆ. ಕ್ಯಾಂಟೀನು ಇಡೀ ವಾರ ಅದನ್ನೇ ಹೇಳಿಕೊಂಡು ನಕ್ಕಿತು. ಫೋರ್‌ಮನ್ ಹೇಳಿದ್ದು ದೂರವಾಣಿನಗರದ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಕಾರ್ಖಾನೆಯನ್ನು; 1948ರಲ್ಲಿ ಶುರುವಾದ, ಮನೆಮನೆಯ ಕರಿ ಟೆಲಿಫೋನು ತಯಾರಾಗುತ್ತಿದ್ದ ಕಾರ್ಖಾನೆ. ನಮ್ಮ ಸಿಗ್ನಲ್ಲಿನಿಂದ ಇದೇ ವರ್ತುಲ ರಸ್ತೆ ಹಿಡಿದು ಹೆಬ್ಬಾಳ ದಾಟಿ ಹೋದರೆ ಟಿನ್ ಫ್ಯಾಕ್ಟರಿ, ಅದರಾಚೆ ದೂರವಾಣಿನಗರ. ಅಶ್ವತ್ಥ್ ಅಲ್ಲಿ 27 ವರ್ಷ ದುಡಿದು 1992ರಲ್ಲಿ ನಿವೃತ್ತರಾದರು.

ಈ ಲೆಕ್ಕವನ್ನು ನಾನು ಆಮೇಲೆ ಬಿಡಿಸಿ ನೋಡಿದೆ. ಅಶ್ವತ್ಥ್ ಸಂಗೀತ ಕೊಟ್ಟ, ಸಿ.ಆರ್. ಸಿಂಹ ಅವರ 'ಕಾಕನಕೋಟೆ' ಚಿತ್ರ ಬಂದದ್ದು 1977ರಲ್ಲಿ. ಆಮೇಲೆ ಎಲ್. ವೈದ್ಯನಾಥನ್ ಜತೆಗೂಡಿ ಅಶ್ವತ್ಥ್-ವೈದಿ ಎಂಬ ಜೋಡಿಯಾಗಿ ಕೊಟ್ಟ ಸಂಗೀತ, 'ಆಲೆಮನೆ' 1981. ನಾಗಾಭರಣರ 'ಸಂತ ಶಿಶುನಾಳ ಶರೀಫ' 1990. ಅದರಲ್ಲಿ ತೆರೆಯ ಮೇಲೆ ಶ್ರೀಧರ್, ದನಿ ಅಶ್ವತ್ಥರದ್ದೇ. ಕೆ.ಎಸ್. ನರಸಿಂಹಸ್ವಾಮಿಯವರ ಪದ್ಯಗಳಿಂದಲೇ ಹೆಣೆದ 'ಮೈಸೂರ ಮಲ್ಲಿಗೆ' ಚಿತ್ರವೂ ಆ ಹೊತ್ತಿಗೆ ಸಿದ್ಧ; ಅದರ ಗೀತೆಗಳಿಗೆ ಕವಿಗೆ ರಾಷ್ಟ್ರಪ್ರಶಸ್ತಿ ಬಂತು. ಇದರ ನಡುವೆ ನಾಟಕದ ಹಾಡುಗಳು, ಒಂದರ ಹಿಂದೊಂದು ಕ್ಯಾಸೆಟ್ಟು. ಇಷ್ಟೂ ಹಾಜರಿ ಬರೆಸಿ ಸಂಬಳ ಎಣಿಸುತ್ತಿದ್ದ ಮನುಷ್ಯನ ಕೆಲಸ. ಕಾರ್ಖಾನೆ ಬಿಟ್ಟ ಮೇಲೆ ಬಂದ 'ಚಿನ್ನಾರಿ ಮುತ್ತ', 'ನಾಗಮಂಡಲ' ಬೇರೆ.

ಕಲಾವಿದರ ಕಥೆ ಎಂದರೆ ಕೆಲಸಕ್ಕೆ ರಾಜೀನಾಮೆ ಬಿಸಾಕಿ ಹೊರಟವರ ಕಥೆ ಎಂದು ನಾವು ಕೇಳಿಕೊಂಡು ಬಂದಿದ್ದೇವೆ. ಕೇಳಲು ಚೆನ್ನ. ಆದರೆ ಮನೆಬಾಡಿಗೆ, ರೇಷನ್ನು, ಊರಿಗೆ ಕಳಿಸುವ ಮನಿಯಾರ್ಡರು ಇರುವವನಿಗೆ ಅದು ದೂರದ ಬೆಟ್ಟ. ಅಶ್ವತ್ಥರದು ನಮ್ಮ ಬೀದಿಯ ಕಥೆ. ಆಗಿನ ಬೆಂಗಳೂರೇ ಹಾಗಿತ್ತು. ಐಟಿಐ, ಎಚ್ಎಂಟಿ, ಬಿಇಎಲ್ ಎಂದರೆ ಬರೀ ಟೆಲಿಫೋನು, ಗಡಿಯಾರ, ರೇಡಿಯೋ ಅಲ್ಲ. ಒಳಗೊಂದು ಕನ್ನಡ ಸಂಘ, ನವೆಂಬರಿನಲ್ಲಿ ಶಾಮಿಯಾನ, ಡ್ಯೂಟಿ ಮುಗಿಸಿ ನಾಟಕದ ತಾಲೀಮಿಗೆ ಓಡುವ ಕ್ಲಾರ್ಕುಗಳು, ಗ್ರೀಸ್ ಮೆತ್ತಿದ ಕೈಯನ್ನು ಸೀಮೆಎಣ್ಣೆಯಲ್ಲಿ ತೊಳೆದು ಹಾರ್ಮೋನಿಯಂ ಮುಟ್ಟುವ ಫಿಟ್ಟರುಗಳು. ಅಲ್ಲಿಂದ ಎದ್ದ ಒಂದು ದನಿ ನಾಡಿಗೆಲ್ಲ ಕೇಳಿಸಿತು.

ಅವರಿಂದ ನನಗೇನಾಯಿತು ಎನ್ನುವುದನ್ನು ಹೇಳಬೇಕು. ನಾನು ಹಾಡುಗಾರನಾಗಲಿಲ್ಲ, ನಾನು ಬಾಯಿ ತೆರೆದರೆ ಮೊಮ್ಮಗಳು ಕೂಡ ಎದ್ದು ಹೋಗುತ್ತಾಳೆ. ಆದದ್ದು ಕಿವಿಯಲ್ಲಿ.

ಮೂರೇ ಕ್ಯಾಸೆಟ್ಟು ಇದ್ದವನು ಒಂದೊಂದನ್ನೂ ನೂರು ಸಲ ಕೇಳುತ್ತಾನೆ. ರೀಲು ಸಿಕ್ಕಿಕೊಂಡರೆ ಪೆನ್ಸಿಲ್ ತೂರಿಸಿ ತಿರುವಿ ಮತ್ತೆ ಕೇಳುತ್ತಾನೆ. ಮೊದಮೊದಲು ಹಾಡೆಂದರೆ ಒಂದೇ ಮುದ್ದೆ. ಕೇಳುತ್ತ ಕೇಳುತ್ತ ಅದು ಬಿಡಿಬಿಡಿಯಾಯಿತು. ಕೊಳಲು ಎಲ್ಲಿ ಒಳಗೆ ಬಂತು, ತಬಲ ಎಲ್ಲಿ ಸುಮ್ಮನಾಯಿತು, ಕೋರಸ್ಸಿನವರು ಮುಖ್ಯ ಗಾಯಕನ ಕೊನೆಯ ಅಕ್ಷರ ಇಳಿಯುವ ತನಕ ಹೇಗೆ ಕಾದರು, ದನಿ ಮೇಲೇರಿದಾಗಲೂ ಮಾತು ಹೇಗೆ ಮಸುಕಾಗಲಿಲ್ಲ. ಅಶ್ವತ್ಥ್ ಹಾಡಿದಾಗ ಕವಿತೆಯ ಒಂದು ಪದವನ್ನೂ ಊಹಿಸಿಕೊಳ್ಳಬೇಕಾಗಿಲ್ಲ. ಒತ್ತಕ್ಷರ ಒತ್ತಾಗಿಯೇ ಬರುತ್ತದೆ. ಓದು ಬಾರದ ನನ್ನ ತಾಯಿ ಒಮ್ಮೆ ಊರಿಂದ ಬಂದಾಗ ಕೇಳಿ, "ಈ ವಯ್ಯ ಹಾಡಲ್ಲ, ಎದುರು ಕುಂತು ಮಾತಾಡ್ತಾನೆ" ಎಂದಿದ್ದಳು. ಅದಕ್ಕಿಂತ ಒಳ್ಳೆಯ ವಿಮರ್ಶೆ ನಾನು ಓದಿಲ್ಲ.

ಇದೇ ಕಿವಿ ಮೆಲ್ಲಗೆ ಲೇತಿನ ಮುಂದೆಯೂ ಕೆಲಸ ಮಾಡತೊಡಗಿತು. ಚಕ್ಕಿಗೆ ಜಾಬು ಕಟ್ಟಿ ಟೂಲು ಕೊಟ್ಟಾಗ ಉಕ್ಕು ಒಂದು ಹದದಲ್ಲಿ ಸುಯ್ಯೆನ್ನುತ್ತದೆ. ಟೂಲಿನ ಮೂತಿ ಸವೆದರೆ ಅದು ಕಿರುಗುಟ್ಟುತ್ತದೆ. ಹಿಡಿತ ಸಡಿಲಾದರೆ ನಡುಗುತ್ತದೆ. ನಾವು ಅದಕ್ಕೆ ಚಾಟರ್ ಹೊಡೀತು ಎನ್ನುತ್ತೇವೆ. ಮೊದಲೆಲ್ಲ ಜಾಬು ಕೆಟ್ಟ ಮೇಲೆ, ಮೈಕ್ರೋಮೀಟರ್ ಹಿಡಿದ ಮೇಲೆ ನನಗೆ ತಪ್ಪು ತಿಳಿಯುತ್ತಿತ್ತು. ಶರೀಫರ ಕ್ಯಾಸೆಟ್ಟು ಸವೆಯುವ ಹೊತ್ತಿಗೆ ಮೆಷಿನ್ನಿನ ಶ್ರುತಿ ತಪ್ಪಿದ ಕೂಡಲೇ ಕೈ ತಾನಾಗಿ ಸ್ವಿಚ್ಚಿಗೆ ಹೋಗುತ್ತಿತ್ತು. ಫೋರ್‌ಮನ್ ಎರಡು ವರ್ಷ ಇದನ್ನು ಗಮನಿಸಿ, ಹೊಸಬರಿಗೆ "ಇವನ ಪಕ್ಕ ನಿಂತ್ಕೊಳ್ಳಿ, ಇವನು ಕಿವೀಲಿ ಅಳೀತಾನೆ" ಎನ್ನತೊಡಗಿದರು. ಅದು ನನಗೆ ಸಿಕ್ಕ ಒಂದೇ ಬಿರುದು. ಅದರಲ್ಲಿ ಅರ್ಧ ಅಶ್ವತ್ಥರಿಗೆ ಸೇರಬೇಕು.

ಹಾಗೆಂದು ಅವರ ಸಂಗೀತವನ್ನು ಎಲ್ಲರೂ ಒಪ್ಪಿದರು ಎಂದಲ್ಲ. ಆ ಫೋರ್‌ಮನ್ನರೇ ಮೈಸೂರು ಅನಂತಸ್ವಾಮಿಯವರ ಪಕ್ಷ. ಒಂದು ಹಾರ್ಮೋನಿಯಂ, ಒಂದು ತಬಲ ಸಾಕು, ಕವಿತೆ ತಾನೇ ಅರಳುತ್ತದೆ ಎಂಬುದು ಅವರ ವಾದ. "ನಿಮ್ಮ ಅಶ್ವತ್ಥರು ಒಂದು ಪದ್ಯ ಹೇಳೋಕೆ ಮದುವೆ ದಿಬ್ಬಣ ಕರಕೊಂಡು ಬರ್ತಾರೆ" ಎಂದು ಊಟದ ಬೆಲ್ಲಿನಲ್ಲಿ ನನ್ನನ್ನು ಕೆಣಕುತ್ತಿದ್ದರು. ಭಾವಗೀತೆಯ ಮೇಲೆ ವಾದ್ಯಗಳ ಭಾರ ಹೆಚ್ಚಾಯಿತು ಎಂದು ತಿಳಿದವರೂ ಅಶ್ವತ್ಥರ ಬಗ್ಗೆ ಹೇಳುತ್ತಿದ್ದರು. ಅದರಲ್ಲಿ ಹುರುಳಿಲ್ಲ ಎನ್ನಲಾರೆ. ಕೆಲವು ಹಾಡುಗಳಲ್ಲಿ ದಿಬ್ಬಣದ ನಡುವೆ ಮದುಮಗಳನ್ನು ಹುಡುಕಬೇಕಾಗುತ್ತದೆ. ಕುವೆಂಪು ಅವರ ನಾಡಗೀತೆಗೆ ಯಾರ ಧಾಟಿ ಎಂಬ ಜಗಳವೂ ಬಹಳ ಕಾಲ ನಡೆಯಿತು. 2022ರಲ್ಲಿ ಸರ್ಕಾರ ಅನಂತಸ್ವಾಮಿಯವರ ಧಾಟಿಯನ್ನೇ ಆರಿಸಿ, 2 ನಿಮಿಷ 30 ಸೆಕೆಂಡಿನಲ್ಲಿ ಹಾಡಿ ಮುಗಿಸಬೇಕೆಂದು ಆದೇಶ ಮಾಡಿತು. ಫೋರ್‌ಮನ್ ಇದ್ದಿದ್ದರೆ ನನಗೆ ಒಂದು ಮೈಸೂರುಪಾಕು ತಿನ್ನಿಸಿ ಗೆಲುವು ಆಚರಿಸುತ್ತಿದ್ದರು.

ಆದರೆ ದಿಬ್ಬಣ ಏಕೆ ಬೇಕಿತ್ತು ಎಂದು ನನಗೆ ಗೊತ್ತಾದದ್ದು 2005ರ ಏಪ್ರಿಲಿನಲ್ಲಿ, ಅರಮನೆ ಮೈದಾನದ 'ಕನ್ನಡವೇ ಸತ್ಯ' ಕಾರ್ಯಕ್ರಮದಲ್ಲಿ. ಸೆಕೆಂಡ್ ಶಿಫ್ಟು ಬದಲಾಯಿಸಿಕೊಂಡು ಮೇಖ್ರಿ ಸರ್ಕಲ್ಲಿಗೆ ಬಸ್ಸು ಹಿಡಿದು ಹೋದೆ. ಜನ ಲಕ್ಷ ಮೀರಿತ್ತು ಎಂದು ಆಮೇಲೆ ಮಾತು. ನಾನು ನಿಂತ ಜಾಗದಿಂದ ಅಶ್ವತ್ಥ್ ಕಂಡದ್ದು ಒಂದು ಚುಕ್ಕೆಯಷ್ಟು. ಅದೂ ಮುಂದಿದ್ದವನು ಮಗುವನ್ನು ಹೆಗಲಿನಿಂದ ಇಳಿಸಿದಾಗ. ಆದರೆ ಮಾತು ಪೂರ್ತಿ ಕೇಳಿಸಿತು. ಸಿನಿಮಾ ತಾರೆಯ ಕುಣಿತವಿಲ್ಲ, ಲಾಟರಿಯಿಲ್ಲ, ರಾಜಕೀಯದವರು ಲಾರಿಯಲ್ಲಿ ತಂದ ಜನವಲ್ಲ. ಕುವೆಂಪು, ಬೇಂದ್ರೆ, ಶರೀಫ ಎಂದು ಪಠ್ಯಪುಸ್ತಕದ ಹೆಸರುಗಳನ್ನು ಕೇಳಲು ಅಷ್ಟು ಜನ ಬಿಸಿಲಾರುವ ಮುಂಚೆಯೇ ಬಂದು ಕೂತಿದ್ದರು. ನನ್ನ ಪಕ್ಕದಲ್ಲಿ ನಿಂತಿದ್ದ ಎಳನೀರಿನವನು ಗಿರಾಕಿಯನ್ನು ಕಾಯಿಸಿ, ಮಚ್ಚು ಕೆಳಗಿಟ್ಟು ಹಾಡು ಕೇಳಿದ. ಕವಿತೆಯನ್ನು ಕೋಣೆಯಲ್ಲಿ ಹಾಡಲು ಹಾರ್ಮೋನಿಯಂ ಸಾಕು. ಅದನ್ನು ಬಯಲಿಗೆ, ಎಳನೀರಿನವನ ತನಕ ಮುಟ್ಟಿಸಬೇಕಾದರೆ ದಿಬ್ಬಣ ಬೇಕು.

ನಾಲ್ಕು ವರ್ಷ ಕಳೆದು, 2009ರ ಡಿಸೆಂಬರ್ 29ರಂದು ಅಶ್ವತ್ಥ್ ತೀರಿಕೊಂಡರು. ಅಂದೇ ಅವರ ಹುಟ್ಟುಹಬ್ಬ, ಎಪ್ಪತ್ತು ತುಂಬಿದ ದಿನ. ಶರೀಫರ ಬದುಕೂ 1819ರಿಂದ 1889ರವರೆಗೆ, ಎಪ್ಪತ್ತೇ. ಮಾರನೆಯ ಬೆಳಗಿನ ಜಾವ ಮೈಸೂರಿನಲ್ಲಿ ವಿಷ್ಣುವರ್ಧನ್ ಹೋದರು. ಗೊರಗುಂಟೆಪಾಳ್ಯದಲ್ಲಿ ಅಂಗಡಿಗಳ ಷಟರು ದಡದಡ ಇಳಿದವು, ಬಸ್ಸು ನಿಂತಿತು, ಸಿಗ್ನಲ್ಲಿನಲ್ಲಿ ಕೆಂಪು ಹಸಿರು ಯಾರಿಗೂ ಬೇಡವಾಗಿ ತಾವೇ ಬದಲಾಗುತ್ತಿದ್ದವು. ಅಷ್ಟು ದೊಡ್ಡ ದುಃಖದ ಕೆಳಗೆ ಹಿಂದಿನ ದಿನದ ದುಃಖ ಮುಚ್ಚಿಹೋಯಿತು. ಮೂರು ವಾರ ಕಳೆಯುವುದರೊಳಗೆ, 2010ರ ಜನವರಿ 18ರಂದು, ನಟ ಕೆ.ಎಸ್. ಅಶ್ವತ್ಥ್ ಕೂಡ ನಡೆದರು. ನಮ್ಮ ಬೀದಿಯ ಕ್ಷೌರದ ಅಂಗಡಿಯಲ್ಲಿ ಆಗ ನಡೆದ ಚರ್ಚೆ ನನಗಿನ್ನೂ ನೆನಪಿದೆ. "ಅಶ್ವತ್ಥ್ ಹೋಗ್ಬಿಟ್ರಂತಲ್ಲ, ಪಾಪ, ಚಾಮಯ್ಯ ಮೇಷ್ಟ್ರು." "ಅಯ್ಯೋ, ಅವರು ಹೋದ ತಿಂಗಳೇ ಹೋದ್ರಲ್ಲ?" "ಅದು ಹಾಡೋ ಅಶ್ವತ್ಥು, ಇದು ಅಳಿಸೋ ಅಶ್ವತ್ಥು." ನನ್ನ ಕೆನ್ನೆಗೆ ಸೋಪು ಹಚ್ಚಿದ್ದರಿಂದ ನಾನು ಬಾಯಿ ಬಿಡಲಾಗಲಿಲ್ಲ. ಇಬ್ಬರೂ ಅಳಿಸಿದವರೇ ಎನ್ನಬೇಕೆಂದಿದ್ದೆ.

ನಮ್ಮ ಕಂಠೀರವ ಸ್ಟುಡಿಯೋಗೆ ಏಪ್ರಿಲ್ 24ಕ್ಕೆ ರಾಜ್‌ಕುಮಾರ್ ಹುಟ್ಟುಹಬ್ಬವೆಂದು, ಮಾರ್ಚ್ 17ಕ್ಕೆ ಪುನೀತ್ ಹುಟ್ಟುಹಬ್ಬವೆಂದು ಜನ ಬೀದರ್, ಬಳ್ಳಾರಿಯಿಂದಲೂ ಬರುತ್ತಾರೆ. ಸಮಾಧಿಗೆ ಹೂವಿಟ್ಟು, ಎದುರಿಗೆ ಅನ್ನಸಂತರ್ಪಣೆ ಉಂಡು ಹೋಗುತ್ತಾರೆ. ಅದು ನ್ಯಾಯವೇ, ಮುಖ ಕಂಡವರನ್ನು ಜನ ಮರೆಯುವುದಿಲ್ಲ. ಹಾಡು ಕಟ್ಟಿದವರ ಮುಖ ಕ್ಯಾಸೆಟ್ಟಿನ ಹೊದಿಕೆಯ ಮೇಲೆ ಅಂಚೆಚೀಟಿಯಷ್ಟಿರುತ್ತದೆ. ಎನ್.ಆರ್. ಕಾಲೊನಿಯಲ್ಲಿ ಅಶ್ವತ್ಥರ ಹೆಸರಿನ ಕಲಾಭವನವೊಂದಿದೆ. ಉಳಿದ ಸ್ಮಾರಕ ಕೇಳಿದವರ ಕಿವಿಯಲ್ಲಿರಬೇಕು.

ಹೋದ ಡಿಸೆಂಬರ್ 29ರ ರಾತ್ರಿ ಸೂರಿನ ಮೇಲೆ ತಾಳ ಶುರುವಾಯಿತು. ನನ್ನ ಹೆಂಡತಿ ಕಣ್ಣಲ್ಲೇ ನನ್ನನ್ನು ಮೇಲಕ್ಕೆ ಕಳಿಸಿದಳು. ಹುಡುಗ ಗಾಬರಿಯಿಂದ ಹೆಡ್‌ಫೋನು ತೆಗೆದ. "ಏನು ಕಟ್ತಾ ಇದ್ದೀಯ, ಕೇಳಿಸು" ಎಂದೆ. ಅವನ ಲ್ಯಾಪ್‌ಟಾಪಿನೊಳಗೆ ತಬಲ, ಕೊಳಲು, ಪಿಟೀಲು ಎಲ್ಲ ಸಾಲಾಗಿ ಬಣ್ಣದ ಪಟ್ಟಿಗಳಾಗಿ ಮಲಗಿದ್ದವು. ನಡುವೆ ನಮ್ಮ ಸಿಗ್ನಲ್ಲಿನ ಹಾರನ್ನು, ತುಮಕೂರಿನ ಬಸ್ಸಿನವನ ಕೂಗು, ಅವನ ಮೆಷಿನ್ನಿನ ಸದ್ದು. ಚೆನ್ನಾಗಿಯೇ ಇತ್ತು. ಒಂದು ಕಡೆ ನನ್ನ ಕೈ ತಾನಾಗಿ ಮೇಲೆದ್ದಿತು. "ಇಲ್ಲಿ ನಿನ್ನ ಟೂಲು ಸವೆದಿದೆ" ಎಂದೆ. ಅವನು ಆ ತುಂಡನ್ನು ಎರಡು ಸಲ ಕೇಳಿ, ನನ್ನನ್ನು ಮೊದಲ ಸಲ ನೋಡುವವನಂತೆ ನೋಡಿದ. "ಹೌದು ಅಂಕಲ್. ಅವತ್ತು ಇನ್ಸರ್ಟ್ ಬದಲಾಯಿಸೋಕೆ ಮುಂಚೆ ರೆಕಾರ್ಡ್ ಮಾಡಿದ್ದು. ನಿಮಗೆ ಹೆಂಗೆ ಗೊತ್ತಾಯ್ತು?"

ಆಗ ಅಶ್ವತ್ಥರ ವಿಷಯ ಹೇಳಿದೆ. ಕ್ಯಾಸೆಟ್ಟು ಹಾಕಲು ನನ್ನ ಟೂ-ಇನ್-ಒನ್‌ನ ಬೆಲ್ಟು ಹೋಗಿ ವರ್ಷಗಳಾಗಿವೆ. ಅವನ ಫೋನಿನಲ್ಲೇ ಶರೀಫರ ಪದ ಹುಡುಕಿ ಹಾಕಿದ. ಇಬ್ಬರೂ ಏನೂ ಮಾತಾಡದೆ ಕೊನೆಯವರೆಗೆ ಕೇಳಿದೆವು. ಮುಗಿದ ಮೇಲೆ ಅವನು ಹಾಡಿನ ಬಗ್ಗೆ ಏನನ್ನೂ ಹೇಳಲಿಲ್ಲ. "ಇವರು ಕೆಲಸ ಬಿಡಲೇ ಇಲ್ವಾ ಅಂಕಲ್?" ಎಂದು ಕೇಳಿದ.

"ಇಲ್ಲ. 27 ವರ್ಷ."

ಅವನು ತುಸು ಹೊತ್ತು ಲೆಕ್ಕ ಹಾಕಿದ. ಕೆಲಸಕ್ಕೆ ರಾಜೀನಾಮೆ ಕೊಡಬೇಕೆಂದು ಬರೆದು ಇಟ್ಟುಕೊಂಡಿದ್ದನಂತೆ. ಅದನ್ನು ನನಗೆ ತಿಳಿಸಿದ್ದು ಆಮೇಲೆ, ಯುಗಾದಿಯ ಒಬ್ಬಟ್ಟು ತಿನ್ನುವಾಗ.

ಈಗಲೂ ತಾಳ ನಡೆಯುತ್ತದೆ. ಹನ್ನೊಂದಕ್ಕೆ ನಿಲ್ಲುತ್ತದೆ, ಬೆಳಗ್ಗೆ ಆರಕ್ಕೆ ಅವನಿಗೆ ಫಸ್ಟ್ ಶಿಫ್ಟು.